ತಡೆದರೆ ಕಾರಣ ಕೊಡು

ಹೊಳೆನರಸೀಪುರ
ಗುರುವಾರ, ೨೪ ಜುಲೈ ೨೦೦೮

ಹಾಸನದ ಆಸ್ಪತ್ರೆಯಲ್ಲಿ ಕಿಟಕಿ ಪಕ್ಕದ ಮಂಚದ ಮೇಲಿರುವ ನೀಲಾಂಬಿಕೆಯವರಿಗೆ,

ಪಟ್ಟಾಭಿರಾಮನ ನಮಸ್ಕಾರ. ಇದನ್ನು ಎಡಗೈಯಲ್ಲಿ ಹಿಡಿದು ಓದುತ್ತೀರಿ ಎಂದು ಗೊತ್ತು. ಅದಕ್ಕೇ ಹಾಳೆಗಳಿಗೆ ಪಿನ್ ಹಾಕದೆ ಬಿಡಿಬಿಡಿಯಾಗಿ ಇಟ್ಟು ಮೂಲೆಯಲ್ಲಿ ನಂಬರು ಬರೆದಿದ್ದೇನೆ. ನಮ್ಮ ಮನೆಯಲ್ಲಿ ಅಡುಗೆ ಮಾಡಿಕೊಡುವ ಮಾಯಮ್ಮನ ಮಗಳು ನಿಮ್ಮ ವಾರ್ಡಿನಲ್ಲೇ ಆಯಾ. ಮಾಯಮ್ಮ ನಾಳೆ ಮಗಳನ್ನು ನೋಡಲು ಬರುತ್ತಾಳೆ, ನಿಮ್ಮ ಕೈಗೇ ಕೊಡುತ್ತಾಳೆ. ನಿಮ್ಮ ಅಣ್ಣ ಷಡಕ್ಷರಿಯವರು ಪಕ್ಕದಲ್ಲಿದ್ದರೆ ಬೇಡ, ಅವರು ಊಟಕ್ಕೆ ಹೋದಾಗ ಕೊಡು ಎಂದು ಹೇಳಿದ್ದೇನೆ.

ಮೊದಲು ಮುಖ್ಯವಾದ ಮಾತು. ನಿಮ್ಮ ಗುರುತನ್ನು ವಿಶ್ವಾಸ್ ಯಾರಿಗೂ ಹೇಳಲಿಲ್ಲ. ನಿಮ್ಮ ಅಣ್ಣ ಸೋಮವಾರ ಮತ್ತೆ ಚನ್ನರಾಯಪಟ್ಟಣಕ್ಕೆ ಹೋಗುತ್ತಾರಂತೆ. ಅವನ ಒಂದು ಕೈ ಮುರಿದಾಯಿತು, ಈ ಸಲ ಇನ್ನೊಂದನ್ನೂ ಮುರಿದು ಬರುತ್ತೇನೆ ಎಂದು ಅರಕಲಗೂಡಿನ ತಮ್ಮ ಹಾರ್ಡ್‌ವೇರ್ ಅಂಗಡಿಯ ಮುಂದೆ ನಾಲ್ಕು ಜನರ ಎದುರಿಗೆ ಅಂದರಂತೆ. ದಯವಿಟ್ಟು ಅವರನ್ನು ತಡೆಯಿರಿ. ಕಾರಣ ಕೇಳುತ್ತಾರೆ. ಅದನ್ನೇ ಬರೆಯಲು ಕೂತಿದ್ದೇನೆ. ಸುತ್ತಿ ಬಳಸಿ ಬಂದರೆ ಸಹಿಸಿಕೊಳ್ಳಿ. ಇಪ್ಪತ್ತೆಂಟು ವರ್ಷ ಫಿಸಿಕ್ಸ್ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದವನು ನಾನು. ಏಯ್ಮ್, ಅಪರೇಟಸ್, ಪ್ರೊಸೀಜರ್ ಎಲ್ಲ ಬರೆಯದೆ ನೇರ ರಿಸಲ್ಟ್ ಬರೆಯುವುದು ನನ್ನ ಕೈಯಲ್ಲಿ ಆಗುವುದಿಲ್ಲ. ಮಾತ್ರೆಯ ಮಂಪರಿನಲ್ಲಿರುತ್ತೀರಂತೆ, ಅದಕ್ಕೆ ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ.

ವಿಶ್ವಾಸ್ ನನ್ನ ಲ್ಯಾಬಿನಲ್ಲಿ ಪೆಂಡುಲಮ್ಮಿನ ದಾರವನ್ನು ಎರಡು ಸಲ ಕಿತ್ತವನು. ಈಗ ಮೂವತ್ತೈದರ ಗಂಡಸು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ತರಗತಿ ನಡೆಸುತ್ತಾನೆ. ದೇವರು, ದೆವ್ವ, ಜಾತಕ, ಮಾಟ ಯಾವುದನ್ನೂ ಪ್ರಶ್ನೆ ಕೇಳದೆ ಒಪ್ಪದವರು ಕನ್ನಡದಲ್ಲೇ ಬರೆದು ಓದಿ ಜಗಳವಾಡಲು ಇಂಟರ್ನೆಟ್ಟಿನಲ್ಲಿ 'ಪ್ರಶ್ನೆ ಜಗಲಿ' ಕಟ್ಟಿದವನು ಅವನೇ. ಮೂರು ವರ್ಷದ ಹಿಂದೆ ನನ್ನ ಹೆಂಡತಿ ವಸಂತ ತೀರಿಕೊಂಡಳು. ಆಮೇಲೆ ಒಂದು ದಿನ ವಿಶ್ವಾಸ್ ಹಳೆಯ ಕಂಪ್ಯೂಟರೊಂದನ್ನು ಪ್ರಿಂಟರಿನ ಸಮೇತ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಂದು ನಮ್ಮ ನಡುಮನೆಯಲ್ಲಿಟ್ಟ. ಓದುಗರ ಕಾಮೆಂಟುಗಳು ಮೊದಲು ನಿಮ್ಮ ಹತ್ತಿರ ಬರುತ್ತವೆ ಸರ್, ನೀವು ಬಿಟ್ಟರೆ ಮಾತ್ರ ಉಳಿದವರಿಗೆ ಕಾಣುತ್ತವೆ ಎಂದು ತೋರಿಸಿಕೊಟ್ಟ. ಒಂದೇ ಒಂದು ನಿಯಮವನ್ನು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ. ತಡೆದರೆ ಕಾರಣ ಕೊಡು.

ಆ ನಿಯಮ ನನಗೆ ಬಹಳ ಹಿಡಿಸಿತ್ತು. ಜೋಯಿಸರನ್ನು ಕಾರಣ ಕೇಳುವವರು ನಾವು. ಒಬ್ಬನ ಬಾಯಿ ಮುಚ್ಚಿಸಿ ಅವನಿಗೆ ಕಾರಣ ಹೇಳದಿದ್ದರೆ ನಮಗೂ ಅವರಿಗೂ ಏನು ವ್ಯತ್ಯಾಸ? ಬೇರೆ ಊರುಗಳಲ್ಲಿ ಕೂತು ಇದೇ ಕೆಲಸ ಮಾಡುವ ಇನ್ನಿಬ್ಬರು ಒಂದೇ ಸಾಲು ಬರೆಯುತ್ತಿದ್ದರು, ಅಸಭ್ಯ ಭಾಷೆ ಎಂದು. ನಾನು ಇಮೇಲಿನಲ್ಲಿ ಪತ್ರವನ್ನೇ ಬರೆಯುತ್ತಿದ್ದೆ. ಬೆಳಿಗ್ಗೆ ಹತ್ತಕ್ಕೆ ಕೂತರೆ ಮಾಯಮ್ಮ ಊಟಕ್ಕೆ ಕರೆಯುವವರೆಗೂ ಅದೇ. ಕೀಬೋರ್ಡಿನಲ್ಲಿ ನನ್ನ ಬೆರಳು ನಿಧಾನ, ಆದ್ದರಿಂದ ಮೊದಲು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ವಸಂತ ದೇವರ ಹಾಡುಗಳನ್ನು ಬರೆದಿಡುತ್ತಿದ್ದ ಉದ್ದದ ನೋಟ್ ಬುಕ್ಕಿನಲ್ಲಿ ಹಿಂದಿನ ಅರ್ಧ ಖಾಲಿ ಇತ್ತು. ಮುಂದಿನಿಂದ ಅವಳ ಹಾಡು, ಹಿಂದಿನಿಂದ ನನ್ನ ಕಾರಣಗಳು. ನಾನು ದೇವಸ್ಥಾನದ ಬೀದಿಯಲ್ಲಿ ಅರ್ಚಕರ ಮನೆಯಲ್ಲಿ ಹುಟ್ಟಿದವನು. ಅವಳ ವೈಕುಂಠ ಸಮಾರಾಧನೆಯನ್ನು ಪೂರ್ತಿ ಮಾಡಿ, ಜಗಲಿಯ ಗೆಳೆಯರಿಗೆ ಏನೂ ಮಾಡಲಿಲ್ಲ ಎಂದು ಹೇಳಿದ್ದೆ. ಇದನ್ನು ಯಾಕೆ ಬರೆದೆನೋ. ಒಂದನ್ನು ಒಪ್ಪಿಕೊಳ್ಳಲು ಕೂತರೆ ಇನ್ನೊಂದು ತಾನಾಗಿ ಬರುತ್ತದೆ.

ದಿನಕ್ಕೆ ಮೂವತ್ತು ನಲವತ್ತು ಕಾಮೆಂಟು ಬರುತ್ತಿದ್ದವು, ಅರ್ಧಕ್ಕರ್ಧ ಬೈಗುಳ. ತಾಯಿಯ ಮೇಲೆ, ಹೆಂಡತಿಯ ಮೇಲೆ. ನಾಲಿಗೆ ಸೀಳುತ್ತೇನೆ, ಕಣ್ಣಿಗೆ ಸುಣ್ಣ ತುಂಬುತ್ತೇನೆ, ಮಲಗಿದ್ದಾಗ ಮನೆಗೆ ಸೀಮೆಎಣ್ಣೆ ಸುರಿಯುತ್ತೇನೆ. ಒಬ್ಬ ನನ್ನ ಕರುಳನ್ನು ಕಿತ್ತು ಶ್ರವಣಬೆಳಗೊಳದ ಬೆಟ್ಟದ ಮೆಟ್ಟಿಲುಗಳ ಉದ್ದಕ್ಕೂ ಹಾಸುತ್ತೇನೆ ಅಂದ. ಅಷ್ಟುದ್ದದ ಕರುಳು ಮನುಷ್ಯನಿಗೆ ಇಲ್ಲ ಎಂದು ಅವನಿಗೆ ಬರೆದೆ. ಮೊದಮೊದಲು ಓದಿದ ಮೇಲೆ ಎದ್ದು ಹೋಗಿ ಮುಖ ತೊಳೆಯುತ್ತಿದ್ದೆ. ವರ್ಷ ಕಳೆಯುವಷ್ಟರಲ್ಲಿ ಅವನ್ನು ಓದುತ್ತಲೇ ಅವಲಕ್ಕಿ ತಿನ್ನುವುದು ರೂಢಿಯಾಯಿತು. ಎಲ್ಲ ಬಾಯಿಮಾತು, ಕೈ ಇಲ್ಲದ ಮಾತು ಎಂದುಕೊಂಡಿದ್ದೆ. ಅದು ನನ್ನ ಮೊದಲನೇ ತಪ್ಪು.

ಜನವರಿಯಲ್ಲಿ ನೀವು 'ಬರೆ' ಎಂಬ ಲೇಖನ ಕಳಿಸಿದಿರಿ. ಕಾಮಾಲೆಯಾದ ನಾಲ್ಕು ವರ್ಷದ ಮಗು, ನಿಮ್ಮ ತಂಗಿಯ ಮಗಳು ತೇಜಶ್ರೀ. ಅವಳನ್ನು ಆಸ್ಪತ್ರೆಗೆ ಒಯ್ಯದೆ, ಬರೆ ಹಾಕುವವನೊಬ್ಬನ ಹತ್ತಿರ ಒಯ್ದದ್ದು. ಅವನು ಕಬ್ಬಿಣದ ಸಲಾಕೆ ಕಾಯಿಸಿ ಎರಡೂ ಮಣಿಕಟ್ಟಿಗೆ ಇಟ್ಟದ್ದು. ಚರ್ಮ ಸಲಾಕೆಗೆ ಅಂಟಿಕೊಂಡು ಬಂದದ್ದು. ನಾಲ್ಕು ಜನ ಹಿಡಿದುಕೊಂಡಿದ್ದೆವು, ಅದರಲ್ಲಿ ನಾನೂ ಒಬ್ಬಳು ಎಂದು ನೀವು ಬರೆದ ಸಾಲು. ಹನ್ನೊಂದನೇ ದಿನ ಕೀವು ತುಂಬಿದ ಕೈಗಳೊಂದಿಗೆ ಮಗು ನಿಮ್ಮ ಮಡಿಲಲ್ಲೇ ಹೋದದ್ದು. ಹೆಸರಿನ ಜಾಗದಲ್ಲಿ 'ಒಬ್ಬ ದೊಡ್ಡಮ್ಮ' ಎಂದಷ್ಟೇ ಇತ್ತು. ನಿಮ್ಮ ನಿಜವಾದ ಹೆಸರು ವಿಶ್ವಾಸನಿಗೆ ಗೊತ್ತಿತ್ತು. ನೀವೇ ಒಂದು ಭಾನುವಾರ ಜಗಲಿಯ ಸಭೆ ಮುಗಿಸಿ ಬಸ್ಸಿಗೆ ಕಾಯುವಾಗ ನನಗೂ ಹೇಳಿದಿರಿ. ಅರಕಲಗೂಡು ಕಡೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಮನೆಯಲ್ಲಿ ಅಣ್ಣನಿಗೂ ಗೊತ್ತಿಲ್ಲ ಅಂದಿರಿ. ಮೂರನೆಯವರಿಗೆ ತಿಳಿಯುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ಆ ಲೇಖನಕ್ಕೆ ಬೈಗುಳ ಸುರಿಯಿತು. ಅವುಗಳಲ್ಲಿ ಒಬ್ಬ 'ಸಿಡಿಲು' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಬರೆ ಹಾಕುವವನಿಂದ ತನ್ನ ತಮ್ಮ ಬದುಕಿದ್ದಾನೆ, ಅವನ ಮೇಲೆ ಕೆಸರು ಎರಚಿದವನು ಯಾರೇ ಇರಲಿ, ಬರೆದ ಬೆರಳನ್ನು ಒಂದೊಂದಾಗಿ ತೆಗೆಯುತ್ತೇನೆ ಎಂದ. ತಡೆದೆ. ಕಾರಣ ಬರೆದೆ. ಲಿವರ್ ಎಂದರೇನು, ಕೆಲವು ಕಾಮಾಲೆ ತಾನಾಗಿ ಹೇಗೆ ವಾಸಿಯಾಗುತ್ತದೆ, ಕಾಸ್ ಅಂಡ್ ಎಫೆಕ್ಟ್ ಎಂದರೇನು, ಒಂದೂವರೆ ಪುಟ. ನನ್ನ ಮೂರು ವರ್ಷದಲ್ಲಿ ಯಾರೂ ಮಾಡದ ಕೆಲಸವನ್ನು ಅವನು ಮಾಡಿದ. ಉತ್ತರ ಬರೆದ. 'ಸಾ' ಎಂದು ಕರೆದ. ತಾನು ಅರಕಲಗೂಡು ಕಡೆಯವನು ಎಂದ.

ನೀಲಾಂಬಿಕೆಯವರೇ, ಇಲ್ಲಿ ನಾನು ಸುಳ್ಳು ಹೇಳಬಾರದು. ಅವನ ಪತ್ರಕ್ಕೆ ನಾನು ಕಾಯತೊಡಗಿದೆ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಮೊದಲು ಅವನ ಹೆಸರು ಹುಡುಕುತ್ತಿದ್ದೆ. ಕಾಮೆಂಟಿನಲ್ಲಿ ಕೊಚ್ಚುತ್ತೇನೆ ಎನ್ನುತ್ತಿದ್ದ, ನನಗೆ ಬರೆಯುವಾಗ ಊಟ ಆಯ್ತಾ ಸಾ ಎನ್ನುತ್ತಿದ್ದ. ನನಗೆ ಮನೆಯಲ್ಲಿ ಹಾಗೆ ಕೇಳುವವರು ಯಾರಿದ್ದರು? ಒಬ್ಬನನ್ನು ಬರಿಯ ಕಾರಣಗಳಿಂದ ದಾರಿಗೆ ತರುತ್ತಿದ್ದೇನೆ, ಮುಂದಿನ ಸಭೆಗೆ ಅವನನ್ನೇ ಕರೆದುಕೊಂಡು ಹೋಗಿ ನಿಲ್ಲಿಸುತ್ತೇನೆ ಎಂದು ಕನಸು ಕಟ್ಟಿದ್ದೆ. ಎಕ್ಸ್‌ಪೆರಿಮೆಂಟ್ ಸಕ್ಸೆಸ್‌ಫುಲ್ ಎಂದು ಯಾರಿಗಾದರೂ ತೋರಿಸಬೇಕಿತ್ತು.

ಜೂನ್ ಇಪ್ಪತ್ತೊಂದು, ಶನಿವಾರ. ಅವನು ಬರೆದಿದ್ದ, ಇದನ್ನು ಬರೆದವನು ಯಾವನೋ ಬೆಂಗಳೂರಿನ ಕುಡುಕ, ದೊಡ್ಡಮ್ಮನೂ ಸುಳ್ಳು, ಮಗುವೂ ಸುಳ್ಳು, ಸಾವೂ ಸುಳ್ಳು, ಸಿಕ್ಕರೆ ಕುತ್ತಿಗೆ ತೆಗೆಯುತ್ತೇನೆ ಎಂದು. ನನಗೆ ಸಿಟ್ಟು ಬಂತು. ನಿಮ್ಮ ಪರವಾಗಿಯೇ ಬಂತು, ಅದನ್ನು ನಂಬಿ. ಅವನಿಗೆ ನಾಚಿಕೆಯಾಗಲಿ ಎಂದು ಬರೆದೆ. ನೋಟ್ ಬುಕ್ಕಿನಿಂದ ಹಾಗೇ ಇಳಿಸುತ್ತೇನೆ, ಒಂದಕ್ಷರ ಬದಲಿಸುವುದಿಲ್ಲ.

"ನೀವು ಯಾರಿಗೆ ಈ ಮಾತನ್ನಾಡುತ್ತಿದ್ದೀರಿ ಗೊತ್ತೇ? ಆಕೆ ನಿಮ್ಮ ಕಡೆಯವರೇ. ನಿಮ್ಮ ಅರಕಲಗೂಡಿನ ಸುತ್ತಲಿನ ಮಕ್ಕಳಿಗೆ ಹದಿನೈದು ವರ್ಷದಿಂದ ಗಣಿತ ಕಲಿಸುತ್ತಿರುವ ಹೆಣ್ಣುಮಗಳು. ತಂಗಿಯ ಮಗು ತನ್ನ ಮಡಿಲಲ್ಲಿ ಸತ್ತದ್ದನ್ನು ಕಂಡವರು. ಅಂಥವರ ಕುತ್ತಿಗೆಗೆ ಕೈ ಹಾಕುತ್ತೇನೆ ಎನ್ನಲು ನಿಮಗೆ ಮನಸ್ಸಾದರೂ ಹೇಗೆ ಬಂತು?"

ಕೆಳಗೆ ಪಟ್ಟಾಭಿರಾಮ ಎಂದು ಸಹಿ. ಮಧ್ಯಾಹ್ನ ಅವನ ಉತ್ತರ ಬಂತು. ತೆಪ್ಪಾಯ್ತು ಸಾ, ಎಣ್ಮಗ್ಳು ಅಂತ ಗೊತ್ತಿರ್ನಿಲ್ಲ, ಇಷ್ಟೇ. ನಾನು ಗೆದ್ದೆ ಎಂದುಕೊಂಡೆ. ಮಾಯಮ್ಮನಿಗೆ ಹೇಳಿ ಅವತ್ತು ಕೇಸರಿಬಾತ್ ಮಾಡಿಸಿದೆ.

ಹದಿನೈದು ವರ್ಷದಿಂದ ಗಣಿತ ಕಲಿಸುವ ಹೆಂಗಸು, ತಂಗಿಯ ಮಗು ತೀರಿಕೊಂಡದ್ದು. ಆ ಸುತ್ತಿನಲ್ಲಿ ಇನ್ನೆಷ್ಟು ಜನ ಇರುತ್ತಾರೆ? ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆಯಲಿಲ್ಲ. ಅವನಿಗೆ ಹತ್ತು ದಿನ ಸಾಕಾಯಿತು.

ಜುಲೈ ಒಂದನೇ ತಾರೀಖು ನಡೆದದ್ದನ್ನು ನೀವು ಅನುಭವಿಸಿದ್ದೀರಿ, ನಾನು ವಿವರಿಸಬಾರದು. ಆದರೆ ನಿಮ್ಮನ್ನು ನೋಡಲು ನಾನು ಆಸ್ಪತ್ರೆಗೆ ಬಂದ ದಿನ ನೀವು ಹೇಳಿದ್ದು ಅವತ್ತಿನಿಂದ ನನ್ನ ಕಿವಿಯಲ್ಲಿದೆ. ಸ್ಕೂಲಿನ ಗೇಟಿನ ಹೊರಗೆ, ಮಕ್ಕಳು ಸಾಲಾಗಿ ಬರುತ್ತಿರುವಾಗ, ಬೈಕಿನಿಂದ ಇಳಿದ ಹೆಲ್ಮೆಟ್ಟಿನವನು ನಿಮ್ಮ ದಾರಿಗೆ ಅಡ್ಡ ನಿಂತು ಮೆತ್ತಗೆ ಕೇಳಿದನಂತೆ.

"ಯಾವ ಕೈಲಿ ಬರ್ದೆ, ತೋರ್ಸವ್ವ."

ನೀವು ಅವನನ್ನು ಯಾವುದೋ ಮಗುವಿನ ಅಪ್ಪ, ಮಾರ್ಕ್ಸ್ ಕಾರ್ಡಿನ ವಿಷಯ ಇರಬೇಕು ಎಂದುಕೊಂಡು ಬಲಗೈಯನ್ನು ಮುಂದೆ ಮಾಡಿದಿರಂತೆ. ಅವನು ಮಣಿಕಟ್ಟು ಹಿಡಿದು, ಕಾಂಪೌಂಡಿನ ಗೋಡೆಯ ಮೇಲೆ ಒತ್ತಿ, ಮಚ್ಚು ಹಾಕಿದ. ಎರಡು ಸಲ. ಒಂದು ಬೆರಳು ಗೋಡೆಯ ಆಚೆ, ಸ್ಕೂಲಿನ ಒಳಗೆ ಬಿತ್ತು, ಮಕ್ಕಳು ನೋಡಿದರು ಅಂದಿರಿ. ನೀವು ಅಳಲಿಲ್ಲ. ಅಳುತ್ತಿದ್ದವನು ನಾನು. ನೀವು ನಿಮ್ಮ ಎಡಗೈಯಿಂದ ನನ್ನ ಭುಜ ತಟ್ಟಿದಿರಿ. ನನ್ನ ಅಳು ದುಃಖದ್ದೆಂದು ನೀವು ತಿಳಿದಿರಿ. ಅರ್ಧ ಭಯದ್ದು. ಬೆರಳು ಎಂದು ನೀವು ಅಂದ ಕೂಡಲೇ ಯಾರೆಂದು ನನಗೆ ಗೊತ್ತಾಗಿತ್ತು.

ಮನೆಗೆ ಬಂದವನೇ ಏನು ಮಾಡಿದೆ ಗೊತ್ತೇ? ಪೊಲೀಸ್ ಸ್ಟೇಷನ್ನಿಗೆ ಹೋಗಲಿಲ್ಲ. ಅವನು ಬರೆದದ್ದನ್ನೂ ನಾನು ಬರೆದದ್ದನ್ನೂ ಒಂದೊಂದಾಗಿ ಡಿಲೀಟ್ ಮಾಡಿದೆ. ಆಮೇಲೆ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಅದನ್ನು ಹೇಗೆ ಮಾಡಬೇಕೆಂದು ತಿಳಿಯದೆ ವಿಶ್ವಾಸನಿಗೇ ಫೋನ್ ಮಾಡಿ ಕೇಳಿದೆ. ಪಾಪ, ಅವನು ಹೇಳಿಕೊಟ್ಟ.

ಇನ್ನು ಹದಿಮೂರನೇ ತಾರೀಖಿನ ಭಾನುವಾರ. ಸಭೆಗೆ ಜನ ಬಂದಿರಲಿಲ್ಲ, ಹೆದರಿದ್ದರು. ಕಂಪ್ಯೂಟರ್ ತರಗತಿಯಲ್ಲಿ ನಾನು ಮತ್ತು ವಿಶ್ವಾಸ್ ಇಬ್ಬರೇ. ನಿಮ್ಮ ಅಣ್ಣ ಇನ್ನಿಬ್ಬರೊಂದಿಗೆ ಬಂದು ಶಟರನ್ನು ಅರ್ಧ ಎಳೆದರು. ಒಬ್ಬನ ಕೈಯಲ್ಲಿ ಪ್ಲಂಬಿಂಗ್ ಪೈಪಿತ್ತು, ಅಂಗಡಿಯದ್ದೇ ಇರಬೇಕು, ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಷಡಕ್ಷರಿಯವರು ಬೈಯಲಿಲ್ಲ. ನನ್ನ ತಂಗಿ ಹೆಸರು ಇಲ್ಲಿ ಯಾರ್ಯಾರಿಗೆ ಗೊತ್ತಿತ್ತು ಎಂದು ಕೇಳಿದರು.

ವಿಶ್ವಾಸ್ ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ. "ನನಗೊಬ್ಬನಿಗೇ ಗೊತ್ತಿದ್ದಿದ್ದು," ಅಂದ.

ನನ್ನ ವಯಸ್ಸಿಗೆ ಹೆದರಿ ಅಂದನೋ, ಕಸದ ಬುಟ್ಟಿ ಖಾಲಿ ಮಾಡುವುದನ್ನು ನಾನು ಕೇಳಿದ್ದು ನೆನಪಾಗಿ ಅಂದನೋ, ಇವತ್ತಿಗೂ ತಿಳಿಯದು. ಆಗ ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ನಿಮ್ಮ ಅಣ್ಣ ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದಲೇ ಹೇಳಿದರು.

"ನೀವು ದೊಡ್ಡೋರು. ಇದ ನೋಡ್ಬ್ಯಾಡಿ. ಆಚೆ ಓಗಿ ಸಾ."

ಹೋದೆ. ಬಗ್ಗಿ ಶಟರಿನ ಕೆಳಗಿನಿಂದ ಹೊರಗೆ ಬಂದೆ, ಚಪ್ಪಲಿ ಹಾಕಿಕೊಂಡೆ. ಎಡದ್ದು ಬಲಕ್ಕೆ ಹಾಕಿದ್ದೆ, ನಿಂತು ಸರಿಮಾಡಿಕೊಂಡೆ. ಅಷ್ಟು ವ್ಯವಧಾನ ಇತ್ತು ನನಗೆ. ಒಳಗೆ ಮೊದಲು ಕಂಪ್ಯೂಟರಿನ ಗಾಜು ಒಡೆದ ಸದ್ದು. ಆಮೇಲೆ ಪೈಪಿನ ಸದ್ದು ಬೇರೆ ಥರ ಆಯಿತು, ಮೆತ್ತಗಿನದರ ಮೇಲೆ ಬಿದ್ದ ಹಾಗೆ. ವಿಶ್ವಾಸ್ ಕೂಗಲಿಲ್ಲ. ಆರು ಏಟಿನವರೆಗೆ ಕೂಗಲಿಲ್ಲ. ಏಳನೆಯದಕ್ಕೆ ಅಮ್ಮಾ ಅಂದ. ಅದು ಮೊಳಕೈ ಮೂಳೆ ಚರ್ಮ ಹರಿದು ಹೊರಗೆ ಬಂದ ಏಟು ಎಂದು ಆಮೇಲೆ ಡಾಕ್ಟರು ಹೇಳಿದರು. ಅವರು ಹೋದ ಮೇಲೆ ಒಳಗೆ ಹೋದರೆ ಅವನು ಟೇಬಲ್ಲಿನ ಕೆಳಗೆ, ಕೀಬೋರ್ಡಿನ ಮೇಲೆ ಮುಖ ಇಟ್ಟುಕೊಂಡು ಬಿದ್ದಿದ್ದ. ಹಲ್ಲೊಂದು ಕೀಗಳ ನಡುವೆ ಸಿಕ್ಕಿಕೊಂಡಿತ್ತು. ನನ್ನನ್ನು ನೋಡಿ, ನೀವು ಬಸ್ಸು ಹಿಡಿದು ಊರಿಗೆ ಹೋಗಿ ಸರ್, ಕತ್ತಲಾದರೆ ಕಷ್ಟ ಅಂದ.

ನಾನು ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದೆ. ಅಷ್ಟು ಮಾಡಿದೆ. ಪೊಲೀಸರಿಗೆ ಅವನು ಮೆಟ್ಟಿಲಿನಿಂದ ಬಿದ್ದೆ ಎಂದು ಬರೆಸಿದ. ನೊಂದವರ ಮೇಲೆ ದೂರು ಬೇಡ ಸರ್ ಅಂದ. ನಾನು ಸಾಕ್ಷಿ ಸಹಿ ಹಾಕಿದೆ.

ಹಾಸನದ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟರು ರಿಗ್ರೆಟ್ ಬೇರೆ, ರಿಮೋರ್ಸ್ ಬೇರೆ ಎಂದು ಒಂದು ಇಡೀ ಪೀರಿಯಡ್ ಹೇಳಿದ್ದರು. ಯಾವುದು ಹಗುರ, ಯಾವುದು ಭಾರ ಎಂಬುದು ಮರೆತುಹೋಗಿದೆ. ಭಾರದ್ದು ಯಾವುದೋ ಅದು ನನಗೆ ಬಂದಿದೆ ಎಂದು ಇಟ್ಟುಕೊಳ್ಳಿ.

ಈಗ ನನ್ನ ಬೇಡಿಕೆ. ಅಣ್ಣನಿಗೆ ವಿಶ್ವಾಸ್ ಹೇಳಿದ್ದಲ್ಲ ಎಂದು ನನಗೆ ಖಚಿತವಾಗಿ ಗೊತ್ತು ಎಂದಷ್ಟೇ ಹೇಳಿ. ನೀವು ಹೇಳಿದರೆ ಅವರು ಕೇಳುತ್ತಾರೆ. ನನ್ನ ಹೆಸರು ಸದ್ಯಕ್ಕೆ ನಿಮ್ಮಲ್ಲೇ ಇರಲಿ. ನನಗೆ ಅರವತ್ತಾರು. ಪೈಪಿನ ಏಟು ಏಳರವರೆಗೆ ತಡೆಯುವ ದೇಹವಲ್ಲ ಇದು. ಹೆಲ್ಮೆಟ್ಟಿನವನಿಗೂ ನನ್ನ ಮನೆ ಗೊತ್ತಿಲ್ಲ. ನೋಟ್ ಬುಕ್ಕನ್ನು ಪೊಲೀಸರಿಗೆ ಕೊಡಬೇಕೋ ಬೇಡವೋ ನೀವೇ ತೀರ್ಮಾನ ಮಾಡಿ. ಕೊಡಿ ಎಂದರೆ ಕೊಡುತ್ತೇನೆ. ಅದರ ಮುಂದಿನ ಅರ್ಧದಲ್ಲಿ ವಸಂತಳ ಕೈಬರಹ ಇದೆ, ಅದೂ ಅವರ ಬೀರುವಿಗೆ ಹೋಗುತ್ತದಲ್ಲ ಎಂಬ ಸಂಕಟ ಒಂದಿದೆ. ನಿಮ್ಮ ಎರಡು ಬೆರಳಿನ ಎದುರಿಗೆ ಇದನ್ನು ಹೇಳುತ್ತಿದ್ದೇನಲ್ಲ, ನೋಡಿ.

ತಿರುಗಿ ಓದಿದರೆ, ತೀರ್ಮಾನವನ್ನೂ ನಿಮ್ಮ ತಲೆಗೇ ಕಟ್ಟಿದ್ದೇನೆ. ಹರಿದು ಮತ್ತೆ ಬರೆಯುವ ಶಕ್ತಿ ಇಲ್ಲ. ಹಾಗೇ ಕಳಿಸುತ್ತೇನೆ.

ನಿಮ್ಮೆದುರು ಬಂದು ನಿಲ್ಲಲಾರದ,
ಪಟ್ಟಾಭಿರಾಮ

ಮರೆತ ಮಾತಲ್ಲ, ಆಮೇಲೆ ನಡೆದದ್ದು. ಶುಕ್ರವಾರ, ಬೆಳಿಗ್ಗೆ ಹನ್ನೊಂದೂವರೆ ಗಂಟೆ.

ಮಾಯಮ್ಮ ಸೀರೆ ಬದಲಿಸಿಕೊಂಡು ಕವರಿಗಾಗಿ ಬಾಗಿಲಲ್ಲಿ ನಿಂತಿದ್ದಾಳೆ. ಹತ್ತು ಗಂಟೆಗೆ ಅಭ್ಯಾಸದಂತೆ ಕಂಪ್ಯೂಟರ್ ಹಚ್ಚಿದೆ. ನಿಮ್ಮ ಲೇಖನದ ಕೆಳಗೆ ಒಂದೇ ಕಾಮೆಂಟು ಕಾಯುತ್ತಿತ್ತು. ಸಿಡಿಲು. ಅವನ ಇಂಗ್ಲಿಷ್ ಅಕ್ಷರಗಳನ್ನು ಕನ್ನಡಕ್ಕೆ ಇಳಿಸಿದ್ದೇನೆ.

"ಪಟ್ಟಾಭಿರಾಮ್ ಸಾ, ಕುತ್ಗೆಗೇ ಅಂತ ಓಗಿದ್ದೆ ಕಣ ಸಾ. ತಂಗಿ ಮಗು ಮಡ್ಲಲ್ಲಿ ಸತ್ತೋಯ್ತು ಅಂತ ನೀವು ಬರ್ದಿದ್ರಲ್ಲ, ಅದು ಗ್ಯಾಪ್ಕಕ್ಕೆ ಬಂತು. ಬೆರ್ಳಿಗೇ ಸಾಕು ಅಂತ ಬುಟ್ಬುಟ್ಟೆ. ನೀವು ಏಳ್ದಿದ್ರೆ ಆ ಮೇಷ್ಟ್ರಮ್ಮ ಅಂತ ನಂಗೂ ಗೊತ್ತಾಯ್ತಿರ್ನಿಲ್ಲ, ಅವ್ಳೂ ಉಳೀತಿರ್ನಿಲ್ಲ. ಇದೊಂದ್ನಾರ ಆಕಿ ಸಾ."

ಬಿಡು, ತಡೆ, ಎರಡು ಗುಂಡಿ. ಒಂದು ಗಂಟೆ ಅದರ ಮುಂದೆ ಕೂತಿದ್ದೆ. ಆರು ತಿಂಗಳಲ್ಲಿ ಅವನದೊಂದನ್ನೂ ನಾನು ಬಿಟ್ಟಿರಲಿಲ್ಲ. ಇವತ್ತು ಬಿಟ್ಟೆ. ಈಗ ಅದು ಎಲ್ಲರಿಗೂ ಕಾಣುತ್ತಿದೆ. ಬಿಟ್ಟದ್ದಕ್ಕೆ ಕಾರಣ ಕೊಡಬೇಕೆಂದು ರಟ್ಟಿನಲ್ಲಿ ಬರೆದಿಲ್ಲ, ಆದರೂ ಅದರ ಕೆಳಗೆ ಬರೆದೆ: ಈ ಮನುಷ್ಯನಿಗೆ ಆಕೆಯ ಗುರುತು ಕೊಟ್ಟವನು ನಾನು, ವಿಶ್ವಾಸ್ ಅಲ್ಲ. ಪಟ್ಟಾಭಿರಾಮ, ದೇವಸ್ಥಾನದ ಬೀದಿಯ ಕೊನೆಯ ಮನೆ, ಹೊಳೆನರಸೀಪುರ.

ಅದನ್ನೇ ಎರಡು ಪ್ರತಿ ಪ್ರಿಂಟ್ ತೆಗೆದೆ. ಒಂದು ಈ ಕವರಿನಲ್ಲಿದೆ, ಅಣ್ಣನಿಗೆ ತೋರಿಸಿ. ನನ್ನ ಹೆಸರು ನಿಮ್ಮಲ್ಲೇ ಇರಲಿ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿ. ಇನ್ನೊಂದನ್ನು ನೋಟ್ ಬುಕ್ಕಿನೊಳಗೆ ಇಟ್ಟುಕೊಂಡು ಈಗಲೇ ಸ್ಟೇಷನ್ನಿಗೆ ಹೋಗುತ್ತೇನೆ, ಕೊಟ್ಟು ಮನೆಗೆ ಬಂದು ಕೂರುತ್ತೇನೆ. ಮೊದಲು ನಿಮ್ಮ ಅಣ್ಣ ಬರುತ್ತಾರೋ, ಅವನು ಬರುತ್ತಾನೋ ತಿಳಿಯದು.

ಪತ್ರ ಮುಟ್ಟಿಸಿದ ಮೇಲೆ ಒಂದು ವಾರ ಮಗಳ ಹತ್ತಿರವೇ ಇರು, ಈ ಬೀದಿಗೆ ಬರಬೇಡ ಎಂದು ಮಾಯಮ್ಮನಿಗೆ ಹೇಳಿದ್ದೇನೆ. ಯಾಕೆ ಎಂದಳು. ಮೊದಲ ಸಲ ಕಾರಣ ಕೊಡದೆ ಕಳಿಸುತ್ತಿದ್ದೇನೆ.